ತಳದಲ್ಲಿ ತೂತಿದ್ದ ದೋಣಿ

ನನಗೆ ನೀರೆಂದರೆ ಮೊದಲಿನಿಂದಲೂ ಪ್ರಾಣಭಯ. ಬಂಟ್ವಾಳದ ಹೊಳೆದಡದ ಮನೆಗೆ ಸೊಸೆಯಾಗಿ ಬಂದ ಮೇಲೂ ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ. ಅಂಥವಳ ಗಂಡ ಬೊಂಬಾಯಿಯ ದೋಣಿ ಕ್ಲಬ್ಬಿನ ಕೆಲಸ ಬಿಟ್ಟು ಬರುವಾಗ ಲಾರಿಯಲ್ಲಿ ಹೇರಿಸಿಕೊಂಡು ಬಂದದ್ದೇನು? ಮೂತಿ ಒಡೆದು, ಕ್ಲಬ್ಬಿನವರು ಬೇಡವೆಂದು ಬಿಟ್ಟ ರೇಸಿನ ಹಾಯಿದೋಣಿ! ಅರವತ್ತರ ದಶಕದ ಕೊನೆಯ ಮಾತು. ದೋಣಿ ಫೈಬರ್ ಗ್ಲಾಸಿನದು; ಆ ಹೆಸರನ್ನೇ ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.

ಅಂಗಳದಲ್ಲಿ ಅದನ್ನು ಕವುಚಿ ಹಾಕಿ, ಗಾಜಿನ ನೂಲಿನ ಬಟ್ಟೆಗೆ ಅಂಟು ಬಳಿದು, ಮೂತಿಗೆ ತೇಪೆ ಹಚ್ಚಿದರು. ಮನೆಯೆಲ್ಲ ತಲೆಸುತ್ತುವ ವಾಸನೆ. ಹೊಳೆಯಲ್ಲಿ ಓಡಾಡುವ ಸರಕುದೋಣಿಗಳಿಗೆ ದಪ್ಪ ಹಲಗೆಗಳಾದರೂ ಇದ್ದವು. ಇದಕ್ಕೆ ಹಲಗೆಯೂ ಇಲ್ಲ, ಮೊಳೆಯೂ ಇಲ್ಲ. ಬಿಸಿಲಿನಲ್ಲಿ ಹೊರಗಿನಿಂದ ಕೈಯಿಟ್ಟರೆ ಒಳಗೆ ಬೆರಳಿನ ನೆರಳು ಕಾಣುತ್ತಿತ್ತು. ಅದಕ್ಕಿಂತ ಘೋರವೆಂದರೆ ತಳದ ನಟ್ಟನಡುವೆ ಉದ್ದಕ್ಕೊಂದು ತೂತು.

"ಇದೇನು, ತಳದಲ್ಲೇ ತೂತು ಉಂಟಲ್ಲ?"

"ಬೇಕೆಂದೇ ಇಟ್ಟದ್ದು ಮಾರಾಯ್ತಿ. ಅದರಲ್ಲಿ ಒಂದು ಹಲಗೆ ಇಳಿಸ್ತೇವೆ. ಇಲ್ಲದಿದ್ದರೆ ಗಾಳಿ ದೋಣಿಯನ್ನು ಅಡ್ಡಕ್ಕೆ ದೂಡ್ತದೆ. ತೂತಿನ ಸುತ್ತ ಪೆಟ್ಟಿಗೆ ಉಂಟು, ನೀರು ಅದರೊಳಗೇ ನಿಲ್ತದೆ. ಎರಡು ಬದಿಯಲ್ಲೂ ಗಾಳಿ ತುಂಬಿದ ಗೂಡು ಉಂಟು. ಮಗುಚಿದರೂ ಮುಳುಗುವುದಿಲ್ಲ."

ದೋಣಿ ಮುಳುಗುವುದಿಲ್ಲ, ಸರಿ. ನಾನು? ಆದರೆ ಒಂದೊಂದು ಹಗ್ಗದ ಹೆಸರೂ ಬಾಯಿಪಾಠವಾಗಿದ್ದ ಮನುಷ್ಯನನ್ನು ನಂಬದೆ ಇರುವುದು ಹೇಗೆ? "ಜೊತೆಗೊಬ್ಬರು ಬೇಕು, ಸ್ವಲ್ಪ ತೂಕದವರು" ಎಂದು ನನ್ನನ್ನೇ ನೋಡಿ ನಕ್ಕರು. ನಾನು ಆಗಲೂ ದಪ್ಪ. ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಹೋಗಿ ದೋಣಿಯಲ್ಲಿ ಕೂತೆ.

ದಡ ಬಿಟ್ಟ ಕೂಡಲೇ ಸಿಟ್ಟು ಇಳಿದು ಭಯ ಹತ್ತಿತು. ನನ್ನ ಕಾಲಿನ ಪಕ್ಕದಲ್ಲೇ, ಆ ತೆಳು ಗೋಡೆಯಾಚೆ, ನೀರು ಓಡುವುದು ಮಸುಕಾಗಿ ಕಾಣುತ್ತಿತ್ತು. ಪೆಟ್ಟಿಗೆಯೊಳಗಿನ ನೀರು ಏರುತ್ತ ಇಳಿಯುತ್ತ ಇತ್ತು. ಪಾಣೆಮಂಗಳೂರು ಸೇತುವೆ ಕಾಣುವಷ್ಟರಲ್ಲಿ ಪಡುಗಾಳಿ ಒಮ್ಮೆಲೇ ಜೋರಾಗಿ ದೋಣಿ ಒಂದು ಬದಿಗೆ ವಾಲಿತು. ನಾನು ತಳಕ್ಕೆ ಕುಸಿದು ಆ ಪೆಟ್ಟಿಗೆಯನ್ನೇ ತಬ್ಬಿಕೊಂಡೆ.

"ಪಿದಾಯಿ ಬಲ!" ಎಂದು ತುಳುವಿನಲ್ಲಿ ಕಿರುಚಿದರು. ಹೊರಗೆ ಬಾ! "ತಳದಲ್ಲಿ ಕಟ್ಟಿದ ಆ ಬಟ್ಟೆಪಟ್ಟಿಯೊಳಗೆ ಕಾಲು ಸಿಕ್ಕಿಸಿ ಈ ಎತ್ತರದ ಬದಿಗೆ ಕೂತುಕೋ, ಹಿಂದಕ್ಕೆ ಬಾಗು!"

ಹುಟ್ಟಿದಂದಿನಿಂದ ಎಲ್ಲರೂ ನನಗೆ ಹೇಳಿದ್ದು ಒಳಗೆ ಹೋಗು ಎಂದೇ. ನೆಂಟರು ಬಂದರೂ, ಸಿಡಿಲು ಬಂದರೂ ಒಳಗೆ. ಈಗ ಹೊಳೆಯ ನಡುವೆ ಹೊರಗೆ ಬಾ ಎಂದರೆ? ಹೇಗೆ ಹತ್ತಿದೆನೋ ಗೊತ್ತಿಲ್ಲ. ಎತ್ತರದ ಅಂಚಿನಲ್ಲಿ ಕೂತು, ಪಟ್ಟಿಯೊಳಗೆ ಕಾಲು ಸಿಕ್ಕಿಸಿ, ಕಣ್ಣು ಮುಚ್ಚಿ ಬೆನ್ನನ್ನು ನೀರಿನ ಮೇಲಕ್ಕೆ ಚಾಚಿದೆ. ತುರುಬು ಒದ್ದೆಯಾಯಿತು. ದೋಣಿ ಮೆಲ್ಲನೆ ನೆಟ್ಟಗಾಯಿತು.

ದಡ ಸೇರಿ ಇಬ್ಬರೂ ಮರಳಿನಲ್ಲಿ ಕೂತೆವು. ಅವರ ತುಟಿ ಬಿಳಚಿಕೊಂಡಿತ್ತು.

"ನಾನು ಬಿದ್ದಿದ್ದರೆ ನೀವು ಹಾರಿ ಎತ್ತುತ್ತಿದ್ದಿರಾ?" ಎಂದು ಜಗಳಕ್ಕೇ ಕೇಳಿದೆ.

ಅವರು ಹೊಳೆಯ ಕಡೆ ನೋಡುತ್ತ, "ನನಗೂ ಈಜು ಬರುವುದಿಲ್ಲ" ಎಂದರು. "ಕ್ಲಬ್ಬಿನಲ್ಲಿ ನನ್ನದು ಶೆಡ್ಡಿನೊಳಗೆ ರಿಪೇರಿ ಕೆಲಸ. ಹಾಯಿ ಬಿಚ್ಚಿ ನೀರಿಗೆ ಇಳಿದದ್ದು ಇವತ್ತೇ ಮೊದಲು."

ನಡುಕ ನನಗೆ ಶುರುವಾದದ್ದು ಆಗ, ಒಣ ಮರಳಿನ ಮೇಲೆ.