ಚೌಡಿಗೆ ಕೊಟ್ಟ ದನಿ

ಚೌಡಪ್ಪಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳಬೇಕಾದರೆ ಪಕ್ಕಕ್ಕೆ ಕರೆದು, ಬಾಯಿಗೆ ಕೈ ಅಡ್ಡ ಹಿಡಿದು, ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದರು. ಆ ಗುಟ್ಟು ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನಿಗೂ ಕೇಳುತ್ತಿತ್ತು. ನಾನು ಗಂಡನ ಮನೆ ಬಿಟ್ಟು ಬಂದವಳು ಎಂಬ ಸಂಗತಿ ಸಾಗರದ ಬಸ್‌ಸ್ಟ್ಯಾಂಡಿಗೆ ತಿಳಿದದ್ದು ಹಾಗೆಯೇ. “ಪಾಪ, ಗಂಡನ್ನ ಬಿಟ್ಟು ಬಂದಾರೆ. ಯಾರ ಹತ್ರಾನೂ ಹೇಳ್ಬೇಡಿ ಮಾರಾಯ್ರೆ” ಎಂದು ಅವರು ಚಹಾದಂಗಡಿಯವನ ಕಿವಿಯಲ್ಲಿ ಊದಿದ್ದರು. ನನಗೆ ಮೈ ಉರಿದುಹೋಯಿತು. ಆದರೆ ಅವತ್ತಿನಿಂದ “ಯಜಮಾನ್ರು ಎಲ್ಲಿರ್ತಾರೆ?” ಎಂದು ನನ್ನನ್ನು ಯಾರೂ ಕೇಳಲಿಲ್ಲ. ಸದ್ಯ, ಒಂದು ಪೀಡೆ ಕಳೆಯಿತು ಅಂದುಕೊಂಡೆ.

ಅದು ಹೋದ ಚಳಿಗಾಲದ ಮಾತು. ಸಾಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಮಂಗನ ಕಾಯಿಲೆಯ ಕೆಲಸಕ್ಕೆ ಗುತ್ತಿಗೆಯ ಮೇಲೆ ಸೇರಿದ್ದೆ. ನಮ್ಮ ಕಡೆಯವರಿಗೆ ಈ ಕಾಯಿಲೆಯನ್ನು ವಿವರಿಸಬೇಕಾಗಿಲ್ಲ. ಕಾಡಿನಲ್ಲಿ ಮಂಗ ಸಾಯುತ್ತದೆ, ಅದರ ಮೈಮೇಲಿದ್ದ ಉಣುಗುಗಳು ಉದುರುತ್ತವೆ, ಆ ಉಣುಗು ಕಚ್ಚಿದವರಿಗೆ ಜ್ವರ ಬರುತ್ತದೆ. ಮಂಗ ಸತ್ತಿದೆ ಎಂದು ಸುದ್ದಿ ಬಂದ ಕಡೆಗೆ ಹೋಗುವುದು, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ ಹಂಚುವುದು, ಜ್ವರ ಬಂದವರ ರಕ್ತ ತೆಗೆದು ಕಳಿಸುವುದು, ಇದು ನನ್ನ ಕೆಲಸ. ಜೀಪು ಓಡಿಸುವುದು, ಮೈಕಿನಲ್ಲಿ ಕೂಗುವುದು ಚೌಡಪ್ಪಣ್ಣನದು. ಬೆಳಗ್ಗೆ ಕಾರ್ಗಲ್ಲಿನ ಕಡೆ ಇದ್ದರೆ ಮಧ್ಯಾಹ್ನ ಹೊಸನಗರ, ಮರುದಿನ ತೀರ್ಥಹಳ್ಳಿ. ಆ ವರ್ಷ ನಾನು ಕೋಣೆಯಲ್ಲಿ ಕೂತದ್ದಕ್ಕಿಂತ ಜೀಪಿನಲ್ಲಿ ಕೂತದ್ದೇ ಹೆಚ್ಚು.

ಅವರಿಗೆ ತಮ್ಮ ದನಿಯ ಮೇಲೆ ಬಹಳ ಹೆಮ್ಮೆ. ಕಬಡ್ಡಿ ಪಂದ್ಯ, ಯಕ್ಷಗಾನದ ಮೇಳ, ಬಟ್ಟೆ ಅಂಗಡಿಯ ಆಷಾಢದ ಮಾರಾಟ, ಹೀಗೆ ಮೂರು ತಾಲೂಕಿನಲ್ಲಿ ಅವರು ಕೂಗದ ಸುದ್ದಿಯಿಲ್ಲ. ಕಳೆದುಹೋದ ಎಮ್ಮೆಯೊಂದರ ಬಗ್ಗೆ ಕೂಗುತ್ತ ಹೋಗುತ್ತಿದ್ದಾಗ ಆ ಎಮ್ಮೆಯೇ ಜೀಪಿನ ಹಿಂದೆ ಬಂದಿತ್ತಂತೆ. ಈ ಕತೆಯನ್ನು ನನಗೆ ಬೇರೆ ಬೇರೆ ಊರಿನ ಎಮ್ಮೆಗಳ ಮೇಲೆ ಹೇಳಿದ್ದಾರೆ. “ಮೈಕು ಬರೀ ಸಾಗಿಸ್ತದೆ ತಂಗಿ, ಕೂಗೋರು ನಾವು” ಎನ್ನುತ್ತ ಕಾಳುಮೆಣಸು, ಬೆಲ್ಲ ಬಾಯಿಗೆ ಹಾಕಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. “ಮಾನ್ಯ ಮಹಾಜನರಲ್ಲಿ ವಿನಂತಿ” ಎಂದು ಶುರು ಮಾಡಿದರೆ ಗುಡ್ಡದಾಚೆಯ ಮನೆಯವರೂ ಅಂಗಳಕ್ಕೆ ಬರಬೇಕು. ನನ್ನ ವಿಚ್ಛೇದನದ ಕೇಸಿಗೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದ್ದಾಗ, “ಕೋರ್ಟಿನ ಎದುರು ಒಂದು ಸುತ್ತು ಕೂಗಿ ಬರ್ಲಾ?” ಎಂದು ಕೇಳಿದ್ದರು. ಆ ವರ್ಷ ನಾನು ನಕ್ಕಿದ್ದು ಕಡಿಮೆ. ನಕ್ಕಷ್ಟೂ ಆ ಜೀಪಿನಲ್ಲೇ.

ಮೊದಲು ಅಂಗಳಕ್ಕೆ ಬರುತ್ತಿದ್ದ ಜನ ಆ ವರ್ಷ ಒಳಗೆ ಹೋಗತೊಡಗಿದರು. ಜೀಪು ತಿರುವಿನಲ್ಲಿ ಕಂಡರೆ ಮಕ್ಕಳನ್ನು ಎಳೆದುಕೊಂಡು ಬಾಗಿಲು ಹಾಕಿಕೊಳ್ಳುವರು. ನಾವು ಹೋಗುತ್ತಿದ್ದದ್ದೇ ಮಂಗ ಸತ್ತ ಊರಿಗೆ. ಅಂಥ ಊರಿನಲ್ಲಿ ಜ್ವರ ಬರದೆ ಇನ್ನೆಲ್ಲಿ ಬರಬೇಕು? ಆದರೆ ಜನ ಲೆಕ್ಕ ಹಾಕಿದ್ದು ಬೇರೆ ಥರ: ಚೌಡಪ್ಪನ ದನಿ ಬಂತು, ಹಿಂದೆಯೇ ಜ್ವರ ಬಂತು.

ಹೊಸನಗರದಾಚೆಯ ಒಂದು ಊರಿನಲ್ಲಿ ಒಬ್ಬ ಅಜ್ಜಿ ಪೊರಕೆ ಹಿಡಿದುಕೊಂಡೇ ರಸ್ತೆಗೆ ಬಂದು ಜೀಪಿನ ಎದುರು ನಿಂತಳು. “ಬಾಯಿ ಮುಚ್ಚೋ! ಹೋದ ವಾರ ಆಚೆ ಊರಲ್ಲಿ ಕೂಗ್ದೆ, ನನ್ನ ಮೈದುನ ಹೋದ. ಇಲ್ಲಿ ಯಾರನ್ನ ಕರಿಯಕ್ಕೆ ಬಂದಿದೀಯ?”

ನಾನು ಇಳಿದು ಉಣುಗು, ಎಣ್ಣೆ ಎಂದು ಏನೇನೋ ಹೇಳಿದೆ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ನಿನ್ನ ನಾಲಿಗೆ ಮೇಲೆ ಕೂತದೆ ಆ ಜ್ವರ. ಮನೇಲಿ ಮಕ್ಕಳು ಮರಿ ಇದ್ರೆ ಅವರೆದ್ರು ಮಾತಾಡ್ಬೇಡ” ಎಂದು ಹೇಳಿ ಒಳಗೆ ಹೋದಳು.

ನಾನು ನಗಿಸಲು ನೋಡಿದೆ. “ಎಮ್ಮೆ ಹಿಂದೆ ಬಂದಾಗ ಜಂಬ ಕೊಚ್ಚಿದ್ರಲ್ಲ ಚೌಡಪ್ಪಣ್ಣ, ಈಗ ಜ್ವರಾನೂ ಬಂತು ನೋಡಿ.” ಅವರು ಬಾಯಲ್ಲಿದ್ದ ಮೆಣಸಿನಕಾಳನ್ನು ಕಿಟಕಿಯಿಂದ ಹೊರಗೆ ಉಗುಳಿದರು. ದಾರಿಯುದ್ದಕ್ಕೂ ಒಂದು ಮಂಗದ ಕೂಗೂ ಕೇಳಲಿಲ್ಲ. ಆ ಕಾಡು ಅಷ್ಟು ಸುಮ್ಮನಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಅಲ್ಲಿಂದ ಅವರ ಕೂಗು ಕುಗ್ಗುತ್ತ ಹೋಯಿತು. ಗಂಟಲು ಕಟ್ಟಿದೆ ಎನ್ನುವರು. ಆಫೀಸಿನವರು ಒಂದು ದಿನ ಅವರನ್ನು ಕೂರಿಸಿ, ಪೂರ್ತಿ ಪ್ರಕಟಣೆಯನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡರು, ಗಂಟಲಿಗೆ ಆರಾಮವಾಗಲಿ ಎಂದು. ಅವರಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. “ಪೆಟ್ಟಿಗೆಯಿಂದ ಬಂದ್ರೂ ನಂದೇ ಅಲ್ಲೇನು ತಂಗಿ ದನಿ?” ಎಂದು ಕೇಳಿದರು.

ಅವರಿಗಿದ್ದವಳು ಒಬ್ಬಳೇ ಮಗಳು, ಶಶಿ. ಕವಲೇದುರ್ಗದ ಕೆಳಗಿನ ಊರಿಗೆ ಕೊಟ್ಟಿದ್ದರು. ಆ ಕಡೆ ಹೋದಾಗಲೆಲ್ಲ ನಮಗೆ ಅವಳ ಮನೆಯಲ್ಲೇ ಊಟ. ಅಪ್ಪನ ಹಾಗೆ ಕೂಗಿ ತೋರಿಸಿ ನಗಿಸುತ್ತಿದ್ದಳು, ನನಗೆ ಅಕ್ಕ ಅನ್ನುತ್ತಿದ್ದಳು. ಹೆಂಡತಿ ಹೋದ ಮೇಲೆ ಅವಳೇ ಅವರ ಜೀವ.

ಫೆಬ್ರವರಿಯಲ್ಲಿ ದುರ್ಗದ ಗುಡ್ಡದಲ್ಲಿ ಮಂಗ ಸತ್ತಿರುವ ಸುದ್ದಿ ಬಂತು. ಅವತ್ತು ನನಗೆ ಕೋರ್ಟಿತ್ತು. ಚೌಡಪ್ಪಣ್ಣ ಒಬ್ಬರೇ ಜೀಪು ತೆಗೆದುಕೊಂಡು ಹೋದರು. ಸುತ್ತಲಿನ ಕೇರಿಗಳಲ್ಲೆಲ್ಲ ಕೂಗಿದರು. ಶಶಿಯ ಊರಿನ ತಿರುವು ಬಂದಾಗ ಮೈಕು ಆರಿಸಿ, ಜೀಪು ತಿರುಗಿಸಿಕೊಂಡು ಬಂದುಬಿಟ್ಟರು. ಮಗಳ ಮನೆಯ ಮೇಲೆ ತಮ್ಮ ದನಿ ಬೀಳಬಾರದು, ಅಷ್ಟೇ ಅವರ ಮನಸ್ಸಿನಲ್ಲಿದ್ದದ್ದು.

ಆ ವಾರವೇ ಶಶಿಯ ಅಂಗಳದ ಹಲಸಿನ ಮರದಿಂದ ಒಂದು ಮಂಗ ಸತ್ತು ಬಿತ್ತು. ದಿನಾ ಬಂದು ಬಾಳೆಹಣ್ಣು ಕಸಿದುಕೊಂಡು ಹೋಗುತ್ತಿದ್ದ ಮಂಗವಂತೆ. ನಮ್ಮಲ್ಲಿ ಮಂಗ ಅಂದರೆ ಹನುಮಂತ. ಬದುಕಿದ್ದಾಗ ಕಲ್ಲು ಹೊಡೆಯುತ್ತೇವೆ, ಸತ್ತರೆ ಕೈ ಮುಗಿಯುತ್ತೇವೆ. ಶಶಿ ಅದಕ್ಕೆ ನೀರು ಹೊಯ್ದು, ಅರಿಶಿನ ಕುಂಕುಮ ಹಚ್ಚಿ, ಬಿಳಿ ಪಂಚೆಯಲ್ಲಿ ಸುತ್ತಿ, ತಾನೇ ಎತ್ತಿಕೊಂಡು ಹೋಗಿ ಹುಲ್ಲುಬಣವೆಯ ಪಕ್ಕ ಮಣ್ಣು ಮಾಡಿದಳು. ಕಾಯಿ ಒಡೆದಳು. ಅತ್ತಳಂತೆ ಕೂಡ.

ಜ್ವರ ಬಂದ ಸುದ್ದಿ ಕೇಳಿ ನಾವಿಬ್ಬರೂ ಓಡಿದೆವು. ಶಶಿಗೆ ಕಣ್ಣು ಕೆಂಪಗಾಗಿ ತಲೆ ಎತ್ತಲು ಆಗುತ್ತಿರಲಿಲ್ಲ. ನಾನು ತಡೆಯಲಾರದೆ, “ಮುಟ್ಟಬಾರದು ಅಂತ ಗೊತ್ತಿರಲಿಲ್ವೇನೇ?” ಎಂದೆ.

“ಗೊತ್ತಿತ್ತು ಅಕ್ಕ. ಆಚೆ ಕೇರಿಗೆಲ್ಲ ಅಪ್ಪ ಕೂಗಿದ್ರಂತೆ. ನಮ್ಮ ಕಡೆ ಕೂಗ್ಲಿಲ್ಲ. ನಮ್ಮಲ್ಲಿ ಕಾಯಿಲೆ ಇದ್ದಿದ್ರೆ ಅಪ್ಪ ಬಂದು ಹೇಳ್ದೆ ಇರ್ತಿದ್ರಾ? ಇದು ವಯಸ್ಸಾಗಿ ಸತ್ತಿದ್ದು ಅಂದ್ಕಂಡ್ವಿ.”

ಚೌಡಪ್ಪಣ್ಣ ಗೋಡೆ ಹಿಡಿದುಕೊಂಡು ಕೂತರು. ತಿರುವಿನಲ್ಲಿ ಮೈಕು ಆರಿಸಿ ವಾಪಸು ಬಂದದ್ದನ್ನೆಲ್ಲ ಆಗಲೇ ನನಗೆ ಹೇಳಿದ್ದು.

ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಒಂದು ಮರದ ಬುಡದಲ್ಲಿ ಕಾಡು ಕಾಯುವ ದೇವತೆ ಚೌಡಿಯ ಕಲ್ಲಿದೆ. ಅಲ್ಲಿ ಜೀಪು ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು ನಿಂತರು. ಅವರಿಗೆ ಮನಸ್ಸಿನಲ್ಲೇ ಬೇಡಿಕೊಳ್ಳಲೂ ಬರುತ್ತಿರಲಿಲ್ಲ. “ಚೌಡೀ, ಕೇಳಿಲ್ಲಿ! ನನ್ನ ಮಗಳನ್ನ ಉಳಿಸ್ಕೊಡು. ನನ್ನ ದನಿ ನಿಂಗೆ ಕೊಟ್ಟೆ. ಇವತ್ತಿಂದ ಒಂದು ಮಾತಾಡಿದ್ರೂ ಬಂದು ಕೇಳು” ಎಂದು ಕಾಡಿಗೆಲ್ಲ ಕೇಳುವ ಹಾಗೆ ಕೂಗಿದರು. ಬಂದು ಜೀಪಿನಲ್ಲಿ ಕೂತವರು ಆಮೇಲೆ ಬಾಯಿ ತೆರೆಯಲಿಲ್ಲ.

ಜ್ವರ ಇಳಿಯಿತು. ಶಶಿಯನ್ನು ಆರೈಕೆಗೆಂದು ಸಾಗರದ ತಮ್ಮ ಮನೆಗೆ ಕರೆತಂದರು. ಕೆಲಸಕ್ಕೆ ರಜೆ ಹಾಕಿದರು. ಜೀಪಿಗೆ ಬೇರೆ ಡ್ರೈವರು ಬಂದ. ಚೌಡಪ್ಪಣ್ಣ ಸಂತೆಯಲ್ಲಿ ತರಕಾರಿಯನ್ನು ಬೆರಳು ತೋರಿಸಿ ಕೊಳ್ಳುತ್ತಿದ್ದರು, ಮಗಳನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. ಶಶಿ, “ಅಪ್ಪಾ, ಒಂದ್ಸಲ ಬೈಯಾದ್ರೂ ಬೈಯಿ” ಎಂದು ಗೋಗರೆದಳು. ಅವರು ಚೌಡಿಯ ಕಾಡಿದ್ದ ಕಡೆ ಕೈ ತೋರಿಸಿದರು. ಇದೊಳ್ಳೆ ಹಟ ಎಂದು ನನಗೆ ಸಿಟ್ಟು ಬರುತ್ತಿತ್ತು.

ಈ ಜ್ವರದ ಕೆಟ್ಟ ಗುಣವೆಂದರೆ, ಬಿಟ್ಟೆ ಎಂದು ತೋರಿಸಿ ಮತ್ತೆ ಬರುವುದು. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ಶಶಿ ಜಗಲಿಯಲ್ಲಿ ಮಲಗಿದ್ದಳು. “ಅಕ್ಕ, ಕತ್ಲಾಯ್ತು, ದೀಪ ಹಚ್ಚು” ಎಂದಳು. ಹೊರಗೆ ರಣಬಿಸಿಲು. ಹಣೆ ಮುಟ್ಟಿದರೆ ಕೆಂಡ. ಮೂಗಿನಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಚೌಡಪ್ಪಣ್ಣ ಕೈಯಲ್ಲಿದ್ದ ಗಂಜಿಯ ತಟ್ಟೆ ಹಿಡಿದುಕೊಂಡೇ ನಿಂತರು.

ಅದೇ ಹೊತ್ತಿಗೆ ರಸ್ತೆಯಲ್ಲಿ ಅವರದೇ ದನಿ ಬಂತು. “ಮಾನ್ಯ ಮಹಾಜನರಲ್ಲಿ ವಿನಂತಿ. ಜ್ವರ ಬಂದರೆ ಮುಚ್ಚಿಡಬೇಡಿ. ಬಿಟ್ಟ ಜ್ವರ ಮತ್ತೆ ಬರಬಹುದು...” ನಮ್ಮ ಜೀಪು. ಅದರಲ್ಲೇ ಶಶಿಯನ್ನು ಆಸ್ಪತ್ರೆಗೆ ಒಯ್ಯೋಣವೆಂದು ನಾನು ಡ್ರೈವರಿಗೆ ಫೋನು ಮಾಡಲು ಚೀಲ ತಡಕುವಷ್ಟರಲ್ಲಿ ಅವರು ತಟ್ಟೆ ಬಿಸಾಡಿ ಓಡಿದ್ದರು. ಎರಡೂ ಕೈ ಬೀಸಿದರು. ಜೀಪು ಆಗಲೇ ಮನೆ ದಾಟಿತ್ತು.

“ನಿಲ್ಸೋ!” ಎಂದು ಕೂಗಿದರು.

ಎಷ್ಟೋ ವಾರಗಳಿಂದ ಸುಮ್ಮನಿದ್ದ ಗಂಟಲು ಒಡೆದು ಬಂದಿತ್ತು. ಮೈಕಿನಲ್ಲಿದ್ದ ಅವರದೇ ದನಿ ಆ ಕೂಗನ್ನು ಪೂರ್ತಿ ನುಂಗಿಹಾಕಿತು. ಡ್ರೈವರು ಜೀಪು ನಿಲ್ಲಿಸಿದ್ದು ನನ್ನ ಫೋನಿಗೆ. ನಾನು ಹೊರಗೆ ಬಂದಾಗ ಚೌಡಪ್ಪಣ್ಣ ನಡುರಸ್ತೆಯಲ್ಲಿ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಶಶಿ ಉಳಿದಳು. ಬಹಳ ದಿನ ಆಸ್ಪತ್ರೆಯಲ್ಲಿದ್ದು, ಕೂದಲೆಲ್ಲ ಉದುರಿಸಿಕೊಂಡು, ಉಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕೇಸೂ ಮುಗಿಯಿತು, ತೀರ್ಥಹಳ್ಳಿಯ ಒಂದು ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ಕೋಣೆ ಖಾಲಿ ಮಾಡಿ ಹೊರಟ ದಿನ ಚೌಡಪ್ಪಣ್ಣ ನನ್ನ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದರು.

“ನೋಡಿ, ನೀವು ಕೂಗಿದ್ರೂ ಏನೂ ಆಗ್ಲಿಲ್ಲ. ಇನ್ನಾದ್ರೂ ಮಾತಾಡಿ” ಎಂದೆ.

ಅವರು ಹತ್ತಿರ ಬಂದು, ಕೈ ಅಡ್ಡ ಹಿಡಿದು, ಕಿವಿಯಲ್ಲಿ ಹೇಳಿದರು. ಪಕ್ಕದಲ್ಲಿದ್ದವರಿಗೂ ಕೇಳಲಿಲ್ಲ. ಅವರಿಗೆ ಮೆಲ್ಲಗೆ ಮಾತಾಡಲು ಬಂದದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

“ಡ್ರೈವರಿಗೆ ಕೇಳ್ದಿದ್ರೂ ಚೌಡಿಗೆ ಕೇಳಿರ್ತದೆ ತಂಗಿ. ಬಂದು ಕೇಳು ಅಂದಿದ್ದೆ, ಬಂದೇ ಬರ್ತಾಳೆ. ಮಗಳ ಹತ್ರ ಹೋಗ್ಬೇಡ, ನನ್ನನ್ನೇ ಕೇಳು ಅಂತ ಹೇಳ್ಕಂಡು ಬಂದಿದೀನಿ.”

ಬೈದೆ. ನಗಲೂ ನೋಡಿದೆ. ಬಸ್ಸು ಹೊರಟಿತು. ಅವರು ಕೈ ಎತ್ತಿ ನಿಂತಿದ್ದರು. ಅದೇ ನಾನು ಅವರನ್ನು ಕಡೆಯದಾಗಿ ನೋಡಿದ್ದು.

ಈ ಚಳಿಗಾಲ ಶುರುವಾದ ಮೇಲೆ ಶಶಿ ಫೋನು ಮಾಡಿದಳು. ಅವಳ ಮನೆಗೆ ಬಂದಿದ್ದ ಅಪ್ಪ, ಕೊಟ್ಟಿಗೆಗೆ ಹಾಸಲು ಒಣಗಿ ಉದುರಿದ ದರಕು ತರಲು ಕಾಡಿಗೆ ಹೋಗಿದ್ದರಂತೆ. ಬಂದ ಮೇಲೆ ಸ್ವೆಟರು ಹಾಕಿಕೊಂಡೇ ಇರುತ್ತಿದ್ದರಂತೆ. ಕೇಳಿದರೆ ಚಳಿ ಎಂದು ಕೈಸನ್ನೆ. ಮೂಗು ಒರೆಸಲು ಕೆಂಪು ಟವೆಲು. ತಡೆಯಲಾರದೆ ಅವಳೇ ಒಂದು ದಿನ ಹಣೆಗೆ ಕೈ ಇಟ್ಟಾಗ ಅವರು ಅವಳ ಕೈಯನ್ನು ಸರಿಸಿ, ಮುಖ ನೋಡಿ ನಕ್ಕರಂತೆ. ಆಗ ತುಂಬ ತಡವಾಗಿತ್ತು.

“ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಕ್ಕ” ಎಂದು ಶಶಿ ಅಳುತ್ತಿದ್ದಳು. ಚೌಡಿ ಮಗಳನ್ನು ಬಿಟ್ಟು ತಮ್ಮನ್ನೇ ಕೇಳಲು ಬಂದಳೆಂದು ಅವರು ಸಂತೋಷದಿಂದಲೇ ಇದ್ದರು ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ. ಹೇಗೆ ಹೇಳಲಿ?

ಪೆನ್‌ಡ್ರೈವನ್ನು ಯಾರೂ ಬದಲಾಯಿಸಿಲ್ಲ. ನಿನ್ನೆ ಜೀಪು ನಮ್ಮ ಲ್ಯಾಬಿನ ಮುಂದೆ ಬಂತು. “ಜ್ವರ ಬಂದರೆ ಮುಚ್ಚಿಡಬೇಡಿ” ಎಂದು ಚೌಡಪ್ಪಣ್ಣ ಬೀದಿ ತುಂಬ ಕೂಗುತ್ತಿದ್ದರು. ರಕ್ತ ಕೊಡಲು ಬಂದಿದ್ದ ಹೆಂಗಸು ಮಗುವನ್ನು ಎಳೆದುಕೊಂಡು, ಬಾಗಿಲು ಹಾಕಲು ಎದ್ದಳು. “ಹಾಕ್ಬೇಡಮ್ಮ, ತೆರೆದಿರಲಿ” ಎಂದೆ.