ಹಿಂದಿನ ಸೀಟಿನ ನೊರೀನ್

ನೊರೀನ್ ಬಗ್ಗೆ ಹೇಳಲೇಬೇಕು. ತನ್ನ ಬಗ್ಗೆ ಕೆಟ್ಟದ್ದೇ ಗೊತ್ತಾಗಬಹುದು ಎಂದು ತಿಳಿದೂ ಕೈಯಿಂದ ದುಡ್ಡು ಹಾಕಿ ನಿಜ ಕೇಳುವವರು ಕಡಿಮೆ. ಅವಳು ಕೇಳಿದಳು.

ವಿಲುಂಗಾ ಊರಿನ ಬೇಕರಿಯಲ್ಲಿ ಹಿಟ್ಟು ನಾದುವುದು ಅವಳ ಕೆಲಸ. ಕಣ್ಣು ಕಾಣುವುದಿಲ್ಲ. ಭಾನುವಾರ ಇಬ್ಬರು ತುಳಿಯುವ ಉದ್ದನೆಯ ಸೈಕಲ್ಲಿನಲ್ಲಿ ಹಿಂದೆ ಕೂರುತ್ತಾಳೆ. ಮುಂದೆ ಹ್ಯಾಂಡಲ್ ಹಿಡಿಯುವವನು ಪ್ಲಂಬರ್ ಗ್ರೆವಿಲ್. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಮನುಷ್ಯ.

ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಸೈಕಲ್ ಕ್ಲಬ್ಬಿನ ಡೆಸ್ ಛೇಡಿಸಿದ.

"ಏನೋ ಗ್ರೆವಿಲ್, ಇವತ್ತೂ ಮೂಟೆ ಹೇರ್ಕೊಂಡು ಬಂದ್ಯಾ?"

"ಮೂಟೆ ಅಲ್ಲ ಕಣೋ, ಮಹಾರಾಣಿ" ಎಂದು ನೊರೀನ್ ಕೂಡ ನಕ್ಕಳು.

ಆದರೆ ಮಾತು ನಾಟಿತು. ಬೇಸಿಗೆಗೆ ಜೋಡಿ ಸೈಕಲ್ಲಿನ ಪಂದ್ಯವಿತ್ತು. ತಾನು ನಿಜಕ್ಕೂ ತುಳಿಯುತ್ತಿದ್ದೇನೆಯೋ, ಪಾಪ ಅಂತ ಗ್ರೆವಿಲ್ ಎಳೆಯುತ್ತಿದ್ದಾನೋ? ನಾಲ್ಕು ಪೆಡಲೂ ಒಟ್ಟಿಗೇ ತಿರುಗುವಾಗ ಯಾರಿಗೆ ಗೊತ್ತು?

ತನ್ನ ಸೀಟಿಗೆ, ಕಾಲಿನ ಬಲ ಅಳೆದು ಫೋನಿಗೆ ಅಂಕಿ ಕಳಿಸುವ ಪೆಡಲ್ ತರಿಸಿದಳು. ಬೆಲೆ ಕೇಳಿ ಗ್ರೆವಿಲ್ ಹೌಹಾರಿದ.

"ಹುಚ್ಚಾ ನಿಂಗೆ? ಇಷ್ಟಕ್ಕೆ ಇನ್ನೊಂದು ಸೈಕಲ್ಲೇ ಬರ್ತಿತ್ತು."

"ನಾನು ಮೂಟೆ ಅಂತ ಗೊತ್ತಾದ್ರೆ ಇಳಿದುಬಿಡ್ತೀನಿ. ಪಂದ್ಯಕ್ಕೆ ಬೇರೆ ಯಾರನ್ನಾದ್ರೂ ಕೂರಿಸ್ಕೊ."

"ಸರಿ, ನಾನೇ ಓದಿ ಹೇಳ್ತೀನಿ."

"ಬೇಡ. ನೀನು ನನ್ನ ಮನಸ್ಸು ನೋಯಬಾರ್ದು ಅಂತ ಸುಳ್ಳು ಹೇಳ್ತೀಯ. ಫೋನೇ ಹೇಳ್ಲಿ."

ಮುಂದಿನ ಭಾನುವಾರ ದಾರಿಯುದ್ದಕ್ಕೂ ಫೋನು ಅವಳ ಕಿವಿಯಲ್ಲಿ ಅಂಕಿ ಹೇಳುತ್ತಾ ಹೋಯಿತು. ಗುಡ್ಡ ಹತ್ತುವಾಗ ಚೆನ್ನಾಗಿತ್ತು. ದ್ರಾಕ್ಷಿ ತೋಟಗಳ ನಡುವಿನ ಸಮತಟ್ಟು ರಸ್ತೆಯಲ್ಲಿ ಮಾತ್ರ ಮತ್ತೆ ಮತ್ತೆ ಕುಸಿಯಿತು. ಸೈಕಲ್ ನಿಂತಾಗ ಅವಳು ಹೆಲ್ಮೆಟ್ ತೆಗೆದಳು.

"ಡೆಸ್ ಹೇಳಿದ್ದೇ ನಿಜ. ಸಲೀಸು ರಸ್ತೇಲಿ ನಾನು ಮೂಟೆ."

ಗ್ರೆವಿಲ್ ಫೋನು ಇಸಿದುಕೊಂಡು, ಅದರಲ್ಲಿ ಅಂಕಿಗಳ ಜೊತೆ ಮೂಡಿದ್ದ ದಾರಿಯ ನಕ್ಷೆಯನ್ನು ನೋಡಿದ.

"ಅಂಕಿ ಬಿದ್ದಿರೋದೆಲ್ಲ ತಿರುವಿನಲ್ಲೇ ಕಣೇ."

"ತಿರುವು ಬರೋದು ನಂಗೇನು ಗೊತ್ತು? ಸೈಕಲ್ ಇದ್ದಕ್ಕಿದ್ದ ಹಾಗೆ ವಾಲುತ್ತೆ. ಬಿದ್ವೇನೋ ಅಂತ ಜೀವ ಬಾಯಿಗೆ ಬರುತ್ತೆ. ಕಾಲು ಸುತ್ತುತ್ತೆ, ಬಲ ಇರಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಮಾತಾಡೋನಲ್ಲ. ಯಾಕೆ ತೊಂದ್ರೆ ಕೊಡೋದು ಅಂತ."

ಗ್ರೆವಿಲ್ ತಲೆ ತಗ್ಗಿಸಿದ. ಮೂಟೆ ಅಂದಾಗ ಅವಳಿಗೆ ಎಷ್ಟು ನೋವಾಗಿತ್ತೋ, ಈ ಮಾತಿಗೆ ಅವನಿಗೆ ಅಷ್ಟೇ ನೋವಾಯಿತು.

"ಹೆಲ್ಮೆಟ್ ಹಾಕ್ಕೊ" ಎಂದ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲಲಿಲ್ಲ. "ಎಡಕ್ಕೆ ತಿರುವು, ಸಣ್ಣದು, ತುಳಿ. ಈಗ ಬಲಕ್ಕೆ, ದೊಡ್ಡದು. ಹೆದರ್ಬೇಡ, ಹಿಡ್ಕೊಂಡಿದೀನಿ. ಹಾ, ಈಗ ನೇರ." ಅಂಕಿ ಕುಸಿಯಲಿಲ್ಲ.

ಪಂದ್ಯಕ್ಕೆ ಇಬ್ಬರ ಹೆಸರೂ ಬರೆಸಿದರು. ಡೆಸ್ ಬಿಡುತ್ತಾನೆಯೇ?

"ಬಾಯಿಬಿಟ್ಟು ಕೇಳಿದ್ರೆ ಪುಕ್ಕಟೆ ಸಿಗ್ತಿತ್ತು. ಅದಕ್ಕೆ ಅಷ್ಟೊಂದು ದುಡ್ಡು ಸುರಿದ್ಯಲ್ಲಮ್ಮ!"

"ಇಷ್ಟು ವರ್ಷ ಪುಕ್ಕಟೇನೇ ಇತ್ತಲ್ಲೋ. ಯಾರು ಕೇಳಿದ್ರು?"

ಆ ಕಡೆ ಹೋದರೆ ಭಾನುವಾರ ನೊರೀನಳನ್ನು ಕಂಡು ಬನ್ನಿ. ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಡಿ. ಹೆಸರು ಹೇಳಿ, ಮಾತಾಡಿಸಿ.