ನೆರವಿಲ್ಲದ ಯುರೋಪು, ನೆರವಿಲ್ಲದ ನಾನು

ಮಗಳ ಹೋಮ್‌ವರ್ಕಿನಲ್ಲಿ ಮೂಗು ತೂರಿಸುವುದು ನನಗಿರುವ ಕೆಟ್ಟ ಚಟ. ಕಳೆದ ವಾರ ಅವಳ ಇತಿಹಾಸದ ಟೀಚರ್ ಕೊಟ್ಟ ಪ್ರಶ್ನೆ ನೋಡಿ ನನ್ನ ಬಾಯಲ್ಲಿ ನೀರೂರಿತು: ಎರಡನೆಯ ಮಹಾಯುದ್ಧದಲ್ಲಿ ನೆಲಕಚ್ಚಿದ ಯುರೋಪಿಗೆ ಅಮೆರಿಕ ನೆರವು ಕೊಡದೇ ಹೋಗಿದ್ದರೆ ಏನಾಗುತ್ತಿತ್ತು?

"ಇನ್ನೂ ಬೇಗ ಉದ್ಧಾರ ಆಗ್ತಿತ್ತು, ಬರ್ಕೋ" ಎಂದೆ.

ಇಷ್ಟು ಖಾರಕ್ಕೆ ಕಾರಣ ಯುರೋಪಲ್ಲ, ಸಿಡ್ನಿಯ ಟೂಂಗಾಬಿಯಲ್ಲಿರುವ ನಮ್ಮ ಮನೆಯ ಬಾತ್‌ರೂಮು. ಆರು ವಾರಗಳಿಂದ ಬೆಳಗಾದರೆ ಅದರೊಳಗೆ ದಾವಣಗೆರೆಯ ಪ್ರಸನ್ನ; ಅವನು ಹೊರಬಂದರೆ ಅವನ ಹೆಂಡತಿ ವೀಣಾ. ನನ್ನ ನಾದಿನಿಯ ಪಕ್ಕದ ಮನೆಯವರ ನೆಂಟರು. ಹೊಸದಾಗಿ ಬಂದಿದ್ದಾರೆ, ಒಂದು ವಾರದ ಮಟ್ಟಿಗೆ ಎಂದಿದ್ದರು. ಬೆರಳು ಕೊಟ್ಟರೆ ಹಸ್ತ ನುಂಗುವುದು ಎಂದರೆ ಇದೇ.

ಪಾಪ, ಅವರು ಮನೆ ಹುಡುಕುತ್ತಿಲ್ಲವೆಂದಲ್ಲ. ಹೋದಲ್ಲೆಲ್ಲ ಏಜೆಂಟರು ಹಿಂದಿನ ಮನೆಯ ಮಾಲೀಕರಿಂದ ಪತ್ರ ತನ್ನಿ ಎನ್ನುತ್ತಾರೆ. ಮನೆಯೇ ಸಿಗದವರಿಗೆ ಹಿಂದಿನ ಮಾಲೀಕ ಎಲ್ಲಿಂದ ಬರಬೇಕು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

"ಅಂಕಲ್, ನಿಮ್ಮನೇಲಿ ನೆಟ್ಟಗಿದ್ರು ಅಂತ ನೀವೇ ಒಂದ್ ಲೆಟರ್ ಬರ್ಕೊಡ್ರಿ" ಎಂದ ಪ್ರಸನ್ನ.

ಅಂಕಲ್ ಎಂದದ್ದಕ್ಕೋ ಏನೋ, ರೇಗಿತು. "ನನಗೆ ಯಾರಪ್ಪ ಬರ್ಕೊಟ್ರು? ಶನಿವಾರದೊಳಗೆ ಬೇರೆ ದಾರಿ ನೋಡ್ಕೊಳ್ಳಿ" ಎಂದುಬಿಟ್ಟೆ. ವೀಣಾ ಒಳಗೆ ಹೋಗಿ ಸದ್ದಿಲ್ಲದೆ ಬಟ್ಟೆ ಮಡಚತೊಡಗಿದಳು.

ಇತ್ತ ಮಗಳ ಪಾಠದ ಪುಸ್ತಕ ತೆರೆದು ಯುರೋಪಿಗೆ ಮರಳಿದೆ. ನೆರವು ಬರುವ ಮೊದಲೇ ಅಲ್ಲಿಯವರು ಸೇತುವೆ, ರೈಲುಹಳಿಗಳನ್ನು ದುರಸ್ತಿ ಮಾಡತೊಡಗಿದ್ದರು, ನೆರವಿಲ್ಲದೆಯೂ ಎದ್ದು ನಿಲ್ಲುತ್ತಿದ್ದರು ಎನ್ನುವ ಪಂಡಿತರಿದ್ದಾರೆ. ಓದಿ ಹಿಗ್ಗಿದೆ. ಮುಂದಿನ ಪ್ಯಾರಾದಲ್ಲೇ ಇನ್ನೊಬ್ಬ ಪಂಡಿತರ ತಕರಾರು: ಎದ್ದೇನೋ ನಿಲ್ಲುತ್ತಿದ್ದರು, ಆದರೆ ಅಲ್ಲಿಯವರೆಗೆ ಕಲ್ಲಿದ್ದಲು, ಗೋಧಿ? ಹಸಿದು ಚಳಿಯಲ್ಲಿ ನಡುಗುವವರು ತಾಳ್ಮೆಯಿಂದ ಸೇತುವೆ ಕಟ್ಟುತ್ತಿದ್ದರೋ, ಒಬ್ಬರ ತಲೆ ಒಬ್ಬರು ಒಡೆಯುತ್ತಿದ್ದರೋ! ಆ ಪ್ಯಾರಾ ಬೇಡ ಎಂದು ಮಗಳಿಗೆ ಹೇಳಿದೆ.

ಅವಳು ತಲೆಯೆತ್ತಿದಳು. "ಬಟ್ ಅಪ್ಪಾ, ಅಮ್ಮ ಸೆಡ್ ಯು ಸ್ಟೇಯ್ಡ್ ವಿತ್ ಶೆಟ್ಟಿ ಅಂಕಲ್, ರೈಟ್?"

ನನ್ನ ಏಳಿಗೆಯ ಕಥೆಯನ್ನು ನಾನು ಯಾವಾಗಲೂ ಇಲ್ಲೇ ಪಕ್ಕದ ಪ್ಯಾರಮಟ್ಟಾದ ಬಾಡಿಗೆ ಫ್ಲ್ಯಾಟಿನಿಂದ ಶುರು ಮಾಡುತ್ತೇನೆ. ಅದಕ್ಕೂ ಮೊದಲು ಮೆಲ್ಬರ್ನಿನ ವೆರಿಬೀಯಲ್ಲಿ, ಹೊಸದಾಗಿ ಬಂದ ನನ್ನನ್ನು ಇಟ್ಟುಕೊಂಡ ಉಡುಪಿಯ ಶೆಟ್ಟರ ಮನೆಯಿತ್ತು. ಆ ಫ್ಲ್ಯಾಟು ಸಿಕ್ಕಿದ್ದು ಅವರು ಬರೆದುಕೊಟ್ಟ ಪತ್ರದಿಂದ. ಬೇಕೆಂದು ಮುಚ್ಚಿಟ್ಟದ್ದಲ್ಲ. ಹೇಳಿ ಹೇಳಿ ಆ ಭಾಗ ಸವೆದುಹೋಗಿತ್ತು, ಅಷ್ಟೆ. ಮಗಳ ಮುಂದೆ ನಿಜಕ್ಕೂ ನಾಚಿಕೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಶೆಟ್ಟರಿಗೆ ಫೋನು ಮಾಡಿದೆ. "ಅವತ್ತು ನೀವು ಎರಡು ವಾರ ಇಟ್ಕೊಂಡು ಆ ಲೆಟರ್ ಕೊಡದೇ ಇದ್ದಿದ್ರೆ..."

"ಎರಡು ವಾರವಾ? ಮೂರು ತಿಂಗಳು ಮಾರಾಯ್ರೆ!" ಎಂದರು ಶೆಟ್ಟರು. "ಲೆಟರ್ ಬರ್ದದ್ದು ಮತ್ತೆಂತಕ್ಕೆ? ನೀವು ಒಮ್ಮೆ ಹೋದ್ರೆ ಸಾಕಿತ್ತು."

ಅಮೆರಿಕದ ಮನಸ್ಸಿನಲ್ಲಿ ಏನಿತ್ತೋ, ಪಂಡಿತರು ಇನ್ನೂ ಜಗಳವಾಡಲಿ. ಯುರೋಪಿನವರ ಒಲೆಯಂತೂ ಉರಿಯಿತು. ನಾನು ಅಂದು ಸಂಜೆಯೇ ಪ್ರಸನ್ನನಿಗೆ ಪತ್ರ ಬರೆದುಕೊಟ್ಟೆ. ಸಭ್ಯರು, ಶಾಂತ ಸ್ವಭಾವದವರು ಎಂದೆಲ್ಲ ಹೊಗಳಿದ ಮೇಲೆ, ಇಂಥವರನ್ನು ಕಳಿಸಿಕೊಡಲು ಮನಸ್ಸೇ ಬರುತ್ತಿಲ್ಲ ಎಂದು ಒಂದು ಸುಳ್ಳನ್ನೂ ಸೇರಿಸಿದೆ.